ಡಾಲ್ಫಿನ್ ಕಾರಿನ ಸಂದುಗಳು

ವ್ಯಾಕರಣ ಓದಿದವರಿಗೆ ಸಂಧಿಯೆಂದರೆ ಎರಡು ಅಕ್ಷರಗಳು ನಡುವೆ ಕಾಲವಿಳಂಬವಿಲ್ಲದೆ ಕೂಡುವುದು. ಮೋಟಾರು ವಾಹನಗಳ ಒಡಲನ್ನು ತಿದ್ದುವ ಕುಶಲಕರ್ಮಿಗಳಿಗೆ ಸಂದೆಂದರೆ ಎರಡು ಭಾಗಗಳು ಕೂಡುವೆಡೆಯಲ್ಲಿ ಬಿಡಲೇಬೇಕಾದ ತೆರಪು. ಅಲ್ಲಿ ತೆರಪು ದೋಷ. ಇಲ್ಲಿ ತೆರಪು ಗುಣ. ಆದರೆ ಆ ತೆರಪು ಬಾಗಿಲಿನ ನೆತ್ತಿಯಿಂದ ಅಡಿಯವರೆಗೆ ಒಂದೇ ಪ್ರಮಾಣದಲ್ಲಿರಬೇಕು. ಮೇಲೆ ಬೆಂಕಿಕಡ್ಡಿಯೂ ತೂರದಷ್ಟು ಬಿಗಿಯಾಗಿ, ಕೆಳಗೆ ಕಿರುಬೆರಳು ತೂರುವಷ್ಟು ಸಡಿಲವಾಗಿ ಇದ್ದುದಾದರೆ, ಯಂತ್ರವಿದ್ಯೆಯ ಗಂಧವಿಲ್ಲದವನ ಕಣ್ಣಿಗೂ ಅದು ಛಂದಸ್ಸು ಕೆಟ್ಟ ಪದ್ಯದಂತೆ ಕುಟುಕುತ್ತದೆ. ಅಂಥದೊಂದು ಛಂದೋಭಂಗವನ್ನು ಸರಿಪಡಿಸಲು ಕೊಂಡ್ಲಹಳ್ಳಿಯ ಟಿಂಕರಿಂಗ್ ಮೇಸ್ತ್ರಿಯೊಬ್ಬರು ಪಟ್ಟ ಪಾಡೂ, ಆ ಕೆಲಸದ ನಡುವೆ ಅವರಿಗೆ ಒದಗಿದ ಸಂಕಟವೂ ಈ ಸಂಚಿಕೆಯ ವಾಚಕರು ಕೇಳತಕ್ಕ ಸಂಗತಿಗಳು. ಸಂಬಂಧಪಟ್ಟ ಮೂವರೂ ಶ್ರೀಮಠದ ಈ ಶಾಲೆಯ ಹಲಗೆಗಳ ಮೇಲೆ ಕುಳಿತೆದ್ದವರು. ಹೆಸರು ಬೇಡವೆಂದು ಮೂವರೂ ಕೇಳಿಕೊಂಡಿರುವುದರಿಂದ ಇಲ್ಲಿ ಹೆಸರುಗಳಿಲ್ಲ.

ಕೊಂಡ್ಲಹಳ್ಳಿ ಮೊಳಕಾಲ್ಮೂರು ತಾಲ್ಲೂಕಿನ ಊರು. ಮಳೆ ಕಡಿಮೆ, ಕಲ್ಲು ಹೆಚ್ಚು. ಹೊಲದಲ್ಲಿ ಶೇಂಗಾ, ಮನೆಯಲ್ಲಿ ಮಗ್ಗ. ಮೊಳಕಾಲ್ಮೂರು ಸೀರೆಯೆಂದು ನಾಡಿನಲ್ಲೆಲ್ಲ ಹೆಸರು ಪಡೆದ ರೇಷ್ಮೆ ಸೀರೆಯನ್ನು ನೇಯುವ ಮನೆಗಳು ಇಲ್ಲಿಯೂ ಇವೆ. ಮೇಸ್ತ್ರಿಯವರ ತಂದೆ ಕುಣಿಮಗ್ಗದ ನೇಕಾರರು. ಒಡಲಿಗೆ ಒಂದು ಬಣ್ಣ, ಅಂಚಿಗೆ ಮತ್ತೊಂದು ಬಣ್ಣವಿರುವ ಸೀರೆಯಲ್ಲಿ ಮೂರು ಲಾಳಿಗಳನ್ನಾಡಿಸಿ ಒಡಲಿನ ಹೊಕ್ಕನ್ನೂ ಅಂಚಿನ ಹೊಕ್ಕನ್ನೂ ಒಂದಕ್ಕೊಂದು ಕೊಂಡಿ ಹಾಕಿಸುವ ಕೆಲಸ ಬಲು ಸೂಕ್ಷ್ಮವಾದುದು. ಕೂಡಿದ ಗೆರೆ ಒಂದೆಳೆಯಷ್ಟು ಆಚೀಚೆಯಾದರೂ ಸೀರೆ ಬಿಚ್ಚಿದೊಡನೆ ಗೊತ್ತಾಗುತ್ತದೆ. ಆ ಗೆರೆಯನ್ನು ನೋಡುತ್ತಲೇ ಬೆಳೆದ ಹುಡುಗ 1988ರಲ್ಲಿ, ತಂದೆಯ ಕಣ್ಣು ಮಂಜಾಗಿ ಮಗ್ಗ ನಿಂತಾಗ, ಎಂಟನೆಯ ತರಗತಿಗೆ ಶರಣು ಹೊಡೆದು ಚಳ್ಳಕೆರೆಗೆ ಹೋದನು. ಎಣ್ಣೆ ಗಿರಣಿಗಳ ಆ ಪಟ್ಟಣದಲ್ಲಿ ಲಾರಿಗಳಿಗೆ ಬರವಿಲ್ಲ. ಲಾರಿಗಳಿದ್ದ ಮೇಲೆ ಅವುಗಳ ಒಡಲು ತಿದ್ದುವ ಕಾರ್ಖಾನೆಗಳಿಗೂ ಬರವಿಲ್ಲ. ಅಲ್ಲಿ ಸುತ್ತಿಗೆ ಹಿಡಿಯಲು ಕಲಿತು, ಕಾಲಾನಂತರದಲ್ಲಿ ಹುಟ್ಟೂರಿಗೇ ಹಿಂದಿರುಗಿ ತಗಡಿನ ಮಾಡಿನ ಕೆಳಗೆ ಸ್ವಂತ ಕೆಲಸ ಹೂಡಿದ ಆ ಹುಡುಗನೇ ಇಂದಿನ ಮೇಸ್ತ್ರಿ.

ಇನ್ನು ಕಾರಿನ ವಿಷಯ. ಕರ್ನಾಟಕದಲ್ಲಿ ಹುಟ್ಟಿದ ಕಾರೊಂದಿತ್ತು ಎಂದರೆ ಇಂದಿನ ಹುಡುಗರು ನಂಬುವುದಿಲ್ಲ. ಬೆಂಗಳೂರಿನ ಸಿಪಾನಿ ಆಟೋಮೊಬೈಲ್ಸ್ ಕಂಪನಿಯು 1982ರಲ್ಲಿ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ಹೊರತಂದಿತು. ಅದರ ಮೂಲಮಾತೃಕೆ ಇಂಗ್ಲೆಂಡಿನ ಟ್ಯಾಮ್‌ವರ್ತ್ ಎಂಬ ಊರಿನ ರಿಲಯಂಟ್ ಕಂಪನಿಯ ಕಿಟನ್ ಕಾರು. ಎರಡೇ ಬಾಗಿಲು, 848 ಘನ ಸೆಂಟಿಮೀಟರ್ ಗಾತ್ರದ ಅಲ್ಯೂಮಿನಿಯಂ ಎಂಜಿನ್ನು, ಕೆಳಗೆ ಉಕ್ಕಿನ ಚಾಸಿ, ಅದರ ಮೇಲೆ ಗಾಜಿನ ನಾರು ಮತ್ತು ರಾಳದಿಂದ ಎರಕಗೊಂಡ ಒಡಲು. ತಗಡಿನ ಒಡಲನ್ನು ಒತ್ತಲು ಬೇಕಾಗುವ ಭಾರಿ ಅಚ್ಚುಯಂತ್ರಗಳಿಗೆ ಹಣ ಸುರಿಯಲಾರದ ಸಣ್ಣ ಕಂಪನಿಗಳಿಗೆ ಗಾಜಿನ ನಾರೇ ಗತಿ. ಇದರಿಂದ ಒದಗಿದ ಲಾಭವೆಂದರೆ ಕಾರು ಬಲು ಹಗುರವಾಯಿತು. ಅಂಬಾಸಡರ್, ಪದ್ಮಿನಿಗಳ ಆ ಕಾಲದಲ್ಲಿ ಹಗುರವಾದ ಕಾರೆಂದರೆ ಓಟದ ಕಾರೆಂದೇ ಲೆಕ್ಕ. ಸಂಸಾರಸ್ಥರು ಎರಡು ಬಾಗಿಲಿನ ಬಂಡಿಯನ್ನು ಮೆಚ್ಚದಿದ್ದರೂ, ಮದರಾಸಿನ ಬಳಿಯ ಶೋಲಾವರಂ ಹಳೆಯ ವಿಮಾನಪಟ್ಟಿಯಲ್ಲಿ ನಡೆಯುತ್ತಿದ್ದ ಪಂದ್ಯಗಳಿಗೂ ರ‍್ಯಾಲಿಗಳಿಗೂ ಉತ್ಸಾಹಿ ತರುಣರು ಡಾಲ್ಫಿನ್ನನ್ನು ಓಡಿಸಿಕೊಂಡು ಹೋದರು. 1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲೆ ಡಾಲ್ಫಿನ್ನಿನ ಮಾರುಕಟ್ಟೆ ಕುಸಿಯಿತು. ಕಂಪನಿಯು ಈಗ ಕಾರು ತಯಾರಿಸುತ್ತಿಲ್ಲ. ಬಿಡಿಭಾಗಗಳು ಅಂಗಡಿಯಲ್ಲಿ ದೊರೆಯುವುದಿಲ್ಲ. ಉಳಿದಿರುವ ಕಾರುಗಳು ಉಳಿದಿರುವುದು ಒಡೆಯರ ಮಮತೆಯಿಂದ.

ಅಂಥ ಮಮತೆಗೆ ಪಾತ್ರವಾದ ಒಂದು ಡಾಲ್ಫಿನ್ ಚಳ್ಳಕೆರೆಯ ಎಣ್ಣೆ ಗಿರಣಿಯ ಮನೆತನವೊಂದರಲ್ಲಿತ್ತು. 1984ರಲ್ಲಿ ತಂದೆ ಕೊಂಡ ಕಾರು ಅದು. ಇಬ್ಬರು ಗಂಡುಮಕ್ಕಳಲ್ಲಿ ಹಿರಿಯನಿಗೆ ಸ್ಟಿಯರಿಂಗಿನ ಮೇಲೆ ಪ್ರಾಣ. 1987ರಲ್ಲಿ ಅವನು ಶೋಲಾವರಕ್ಕೂ ಹೋಗಿಬಂದನು. ಬಹುಮಾನವೇನೂ ಬರಲಿಲ್ಲ, ಬಂದದ್ದು ಉತ್ಸಾಹ. 1989ರಲ್ಲಿ ಒಂದು ರಾತ್ರಿ ಬಳ್ಳಾರಿ ರಸ್ತೆಯಲ್ಲಿ, ತಳುಕಿನ ಆಸುಪಾಸಿನಲ್ಲಿ, ದೀಪವಿಲ್ಲದೆ ಹೋಗುತ್ತಿದ್ದ ಎತ್ತಿನ ಗಾಡಿಗೆ ಕಾರಿನ ಬಲಮೂತಿ ಬಡಿಯಿತು. ಕನ್ನಡ ಓದಿದವರಿಗೆ ತಳುಕೆಂದರೆ ವೆಂಕಣ್ಣಯ್ಯನವರ, ತ. ರಾ. ಸು. ಅವರ ಮನೆತನದ ಊರು. ಈ ಮನೆಯವರಿಗೆ ಮಾತ್ರ ತಳುಕೆಂದರೆ ಆ ರಾತ್ರಿ. ದೈವವಶಾತ್ ಮನುಷ್ಯರಿಗೂ ಎತ್ತುಗಳಿಗೂ ಪೆಟ್ಟಾಗಲಿಲ್ಲ. ಚಳ್ಳಕೆರೆಯ ಕಾರ್ಖಾನೆಯೊಂದರಲ್ಲಿ ಕಾರು ದುರಸ್ತಿಯಾಗಿ, ಕೆಂಪು ಬಣ್ಣ ಬಳಿಸಿಕೊಂಡು ನಾಲ್ಕು ದಿನಗಳಲ್ಲಿ ಮನೆಗೆ ಬಂದಿತು.

ಬಂದ ಮರುದಿನದಿಂದಲೇ ಹಿರಿಯ ಮಗನ ದೂರು ತೊಡಗಿತು. ಗಾಡಿ ಬಲಕ್ಕೆ ಎಳೆಯುತ್ತದೆ. ಗುಂಡಿ ಸಿಕ್ಕಿದರೆ ಬಲಬಾಗಿಲು ತಾನಾಗಿ ತೆರೆಯುತ್ತದೆ. ತಂದೆಯವರು ಕಾರನ್ನು ಸುತ್ತಿ ನೋಡಿದರು, ಬಣ್ಣ ನುಣುಪಾಗಿತ್ತು. ಕಾರ್ಖಾನೆಯವರನ್ನು ಕೇಳಿದರು, ಗಾಡಿ ಕರಾರುವಾಕ್ಕಾಗಿದೆಯೆಂದರು. ಆ ಬಳಿಕ ತಂದೆ ಹೇಳಿದ ಮಾತು ಆ ಮನೆಯಲ್ಲಿ ಇಂದಿಗೂ ಎಲ್ಲರ ಬಾಯಲ್ಲಿದೆ: "ರಸ್ತೆ ನೆಟ್ಟಗೈತೆ, ಗಾಡಿ ನೆಟ್ಟಗೈತೆ, ನಿನ್ನ ಕೈ ನೆಟ್ಟಗಿಲ್ಲ." ಬೀಗದ ಕೈ ತಿಜೋರಿ ಸೇರಿತು. ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಗಾಡಿ ಹಿಡಿಯಲಾರದವನು ಗಿರಣಿ ಹಿಡಿದಾನೆಯೇ ಎಂಬ ಭಾವನೆ ತಂದೆಯವರಲ್ಲಿ ಬೇರೂರಿ, ಗಿರಣಿಯ ಯಜಮಾನಿಕೆ ಕಿರಿಯನಿಗೆ ಹೋಯಿತು. ಹಿರಿಯನು ಲೆಕ್ಕದ ಪುಸ್ತಕದ ಮುಂದೆ ಕುಳಿತನು. ಅಣ್ಣತಮ್ಮಂದಿರಲ್ಲಿ ಜಗಳವೇನೂ ಆಗಲಿಲ್ಲ. ಮಾತು ಕಡಿಮೆಯಾಯಿತು, ಅಷ್ಟೆ. 2004ರಲ್ಲಿ ತಂದೆಯವರು ತೀರಿಕೊಂಡಾಗಲೂ ಆ ಅಭಿಪ್ರಾಯ ಹಾಗೆಯೇ ಇದ್ದಿತು. ಹಿರಿಯರು ಆಮೇಲೆ ಯಾವ ಕಾರನ್ನೂ ಓಡಿಸಲಿಲ್ಲ.

ಕಿರಿಯರು ಕಾರನ್ನು ಮಾರಲಿಲ್ಲ. ಬಿಳಿಯ ಬಣ್ಣ ಹೊಡೆಸಿ, ಹಳೆಯ ಕಾರುಗಳ ಪ್ರದರ್ಶನಕ್ಕೆ ಒಯ್ಯಬೇಕೆಂಬ ಆಸೆಯಿಂದ ಬೆಂಗಳೂರಿನಲ್ಲಿ ಎರಡು ಕಡೆ ದುರಸ್ತಿಗೆ ಕೊಟ್ಟರು. ಅಲ್ಲಿ ನಡೆದುದನ್ನು ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯವರು ಬಾಗಿಲಿನ ಹಿಂದಂಚಿನ ಮೇಲ್ಭಾಗ ಉಜ್ಜುತ್ತದೆಂದು ಅದನ್ನು ತೇದು ಲೋಪ ಮಾಡಿದರು. ಎರಡನೆಯವರು ಕೆಳಗಿನ ತೆರಪಿಗೆ ಪುಟ್ಟಿ ಮೆತ್ತಿ ಆಗಮ ಮಾಡಿ, ಹಳೆಯ ಕೀಲುಗಳನ್ನು ತೆಗೆದು ಹೊಸ ಕೀಲುಗಳನ್ನಿಟ್ಟು ಆದೇಶವನ್ನೂ ಮಾಡಿದರು. ಮೂರು ಸಂಧಿಕಾರ್ಯಗಳು ಮುಗಿದರೂ ಬಾಗಿಲು ಮಾತ್ರ ಕೂಡಲಿಲ್ಲ. ಕೊನೆಗೆ, ನೋಡಿಯಾದರೂ ನೋಡಲೆಂದು, 2023ರ ಡಿಸೆಂಬರಿನಲ್ಲಿ ಕಾರನ್ನು ಲಾರಿಯ ಮೇಲೇರಿಸಿ ಕೊಂಡ್ಲಹಳ್ಳಿಗೆ ತಂದರು. ಬಿಳಿಯ ಬಣ್ಣದ ಆ ಕಾರನ್ನು ಮೇಸ್ತ್ರಿ ಗುರುತಿಸಲಿಲ್ಲ.

ಮೊದಲ ಎರಡು ದಿನ ಮೇಸ್ತ್ರಿ ಒಂದು ಬೋಲ್ಟನ್ನೂ ಸಡಿಲಿಸಲಿಲ್ಲ. ಗಿರಾಕಿಗಳಿಗೆ ಇದು ಸೋಮಾರಿತನವಾಗಿ ತೋರುತ್ತದೆ. ಕೆಲಸದ ಅರ್ಧ ಭಾಗ ಇದೇ ಎಂಬುದು ಬಲ್ಲವರಿಗೆ ಗೊತ್ತು. ಕಾರು ಸಮನೆಲದ ಮೇಲೆ, ನಾಲ್ಕು ಚಕ್ರಗಳ ಮೇಲೆಯೇ ನಿಂತಿರಬೇಕು; ಜಾಕಿಯ ಮೇಲಿದ್ದರೆ ಒಡಲು ಬೇರೆ ರೀತಿ ಬಾಗುತ್ತದೆ. ಗಾಳಿಯ ಒತ್ತಡ ಎಲ್ಲ ಚಕ್ರಗಳಲ್ಲೂ ಸರಿಯಿರಬೇಕು. ಬಾಗಿಲಿನ ಸುತ್ತಣ ರಬ್ಬರ್ ಬೀಡಿಂಗನ್ನು ಕಿತ್ತಿಡಬೇಕು, ಏಕೆಂದರೆ ಹೊಸ ರಬ್ಬರ್ ದಪ್ಪಗಿದ್ದರೆ ಅದೇ ಬಾಗಿಲನ್ನು ಹೊರದೂಡಿ ಇಲ್ಲದ ದೋಷವನ್ನು ತೋರಿಸುತ್ತದೆ. ಇವನ್ನೆಲ್ಲ ಮಾಡಿ ಮೇಸ್ತ್ರಿ ಸಂದುಗಳನ್ನು ಅಳೆದರು. ಅವರ ಅಳತೆಗೋಲು ತಂದೆಯ ಮಗ್ಗದ ಹಳೆಯ ಹಣಿಗೆಯಿಂದ ತೆಗೆದ ಬಿದಿರು ಕಡ್ಡಿಗಳು. ಒಂದೊಂದರ ದಪ್ಪವೂ ಅವರ ಬೆರಳಿಗೆ ಪಾಠ. ಬಲಬಾಗಿಲಿನ ಹಿಂದಣ ಸಂದು ಮೇಲೆ ಎರಡು ಕಡ್ಡಿ, ಕೆಳಗೆ ಏಳು. ಮುಂದಣ ಸಂದು ಮೇಲೆ ಅಗಲ, ಕೆಳಗೆ ಕಿರಿದು. ಬಾಗಿಲು ಹಿಂಭಾಗದಲ್ಲಿ ಜೋತುಬಿದ್ದಾಗ ಕಾಣುವ ಲಕ್ಷಣವೇ ಇದು. ಎಲ್ಲರೂ ಕೀಲಿನ ಮೇಲೆ ಸಂದೇಹಪಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ತೆರೆದ ಬಾಗಿಲಿನ ತುದಿಯನ್ನು ಹಿಡಿದೆತ್ತಿದರೆ ಕೀಲಿನಲ್ಲಿ ಕೂದಲೆಳೆಯಷ್ಟೂ ಆಟವಿರಲಿಲ್ಲ. ಕೀಲು ಗಟ್ಟಿಯಾಗಿದ್ದೂ ಬಾಗಿಲು ಜೋತಂತೆ ಕಂಡರೆ, ಜೋತಿರುವುದು ಬಾಗಿಲಲ್ಲ, ಬಾಗಿಲ ಚೌಕಟ್ಟು. ಮೇಸ್ತ್ರಿ ಒಂದು ಸಣ್ಣ ಜಾಕಿಯನ್ನು ಬಲಮುಂಭಾಗದಲ್ಲಿ, ಒಡಲು ಚಾಸಿಯ ಮೇಲೆ ಕೂರುವ ಜಾಗದ ಕೆಳಗಿಟ್ಟು, ಕೈಯಾಳು ಹುಡುಗನಿಗೆ ನಿಧಾನವಾಗಿ ಎತ್ತಲು ಹೇಳಿ, ತಾವು ಸಂದಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತರು. ಜಾಕಿ ಅರ್ಧ ಅಂಗುಲ ಏರಿತು. ಮೇಲಿನ ಸಂದು ತೆರೆಯಿತು, ಕೆಳಗಿನದು ಮುಚ್ಚಿತು, ಮೇಲೂ ಕೆಳಗೂ ಒಂದೇ ಸಮನಾದ ಐದು ಕಡ್ಡಿ. ಜಾಕಿ ಇಳಿಸಿದರೆ ಮತ್ತೆ ಮೊದಲಿನಂತೆಯೇ. ಮೂವತ್ತು ವರ್ಷಗಳಿಂದ ಬಾಗಿಲಿಗೆ ಮದ್ದು ಹಾಕುತ್ತಿದ್ದರು, ರೋಗ ಚಾಸಿಯಲ್ಲಿತ್ತು.

ಬಳಿಕ ಗಾರೆಯವರ ತೂಗುಗುಂಡನ್ನು ಚಾಸಿಯ ನಿಶ್ಚಿತ ಸ್ಥಾನಗಳಿಂದ ಇಳಿಬಿಟ್ಟು ನೆಲದ ಮೇಲೆ ಸುಣ್ಣದ ಚುಕ್ಕೆಗಳನ್ನಿಟ್ಟು, ಕಾರನ್ನು ಆಚೆಗೆ ತಳ್ಳಿ, ಚುಕ್ಕೆಗಳ ನಡುವೆ ಕರ್ಣರೇಖೆಗಳಲ್ಲಿ ದಾರ ಹಿಡಿದರು. ಚೌಕ ಸರಿಯಿದ್ದರೆ ಎರಡು ಕರ್ಣಗಳೂ ಸಮವಾಗಿರಬೇಕೆಂಬುದನ್ನು ಏಳನೆಯ ತರಗತಿಯ ರೇಖಾಗಣಿತವೇ ಹೇಳುತ್ತದೆ. ಒಂದು ಕರ್ಣ 11 ಮಿಲಿಮೀಟರ್ ಕಡಿಮೆಯಿತ್ತು. ಚಾಸಿಯ ಬಲಗಾಲು ಹಿಂದಕ್ಕೂ ಕೆಳಕ್ಕೂ ಸರಿದಿತ್ತು. ಬಲಬದಿಯ ಮುಂದಿನ ಚಕ್ರ ಹಿಂದಿನ ಚಕ್ರಕ್ಕೆ ಅಷ್ಟರಮಟ್ಟಿಗೆ ಹತ್ತಿರವಾದರೆ, ಗಾಡಿ ಬಲಕ್ಕೆ ಎಳೆಯದೆ ಇನ್ನೇನು ಮಾಡೀತು?

ಗಾಜಿನ ನಾರಿನ ಒಡಲಿಗೆ ಒಂದು ಸ್ವಭಾವವಿದೆ. ತಗಡು ಪೆಟ್ಟು ತಿಂದರೆ ಕುಳಿ ಬೀಳುತ್ತದೆ, ಕುಳಿಯನ್ನು ಹಿಂದಿನಿಂದ ಬಡಿದೆಬ್ಬಿಸಬಹುದು. ಗಾಜಿನ ನಾರಿಗೆ ಕುಳಿಯಿಲ್ಲ. ಅದು ಬಾಗಿ ಮರಳಿ ತನ್ನ ಆಕಾರಕ್ಕೆ ಬರುತ್ತದೆ, ಇಲ್ಲವೇ ಸೀಳುತ್ತದೆ. ಸುತ್ತಿಗೆ ಅಲ್ಲಿ ನಿರುಪಯೋಗಿ. ಆದುದರಿಂದ ಚಾಸಿಯನ್ನು ನೆಟ್ಟಗೆ ಮಾಡಿದರೆ ಒಡಲು ತಾನಾಗಿ ಹುಟ್ಟುಗುಣಕ್ಕೆ ಮರಳಬೇಕು. ಮರಳಗೊಡದಂತೆ ಹಿಡಿದಿರುವುದು ಹಳೆಯ ತೇಪೆಯೇ ಇರಬೇಕು. ಅದನ್ನು ಹುಡುಕಲು, ತಗಡಿನ ಕಾರಾದರೆ ಆಯಸ್ಕಾಂತವಾಡಿಸಿ ಪುಟ್ಟಿಯನ್ನು ಪತ್ತೆ ಮಾಡಬಹುದು. ಇಲ್ಲಿ ಅದೂ ನಡೆಯದು. ಮೇಸ್ತ್ರಿ ಒಂದು ರೂಪಾಯಿಯ ನಾಣ್ಯದಿಂದ ಬಾಗಿಲಿನ ಮುಂದಣ ಕಂಬದ ಬುಡವನ್ನು ತಟ್ಟುತ್ತ ಹೋದರು. ಒಂದೆಡೆ ನಾದ ಸತ್ತಿತು. ಅಲ್ಲಿ ಗ್ರೈಂಡರ್ ಹಿಡಿದರೆ ಬಿಳಿಯ ಬಣ್ಣ, ಅದರಡಿ ಕೆಂಪು ಬಣ್ಣ, ಅದರಡಿ ಹೆಬ್ಬೆಟ್ಟಿನ ದಪ್ಪದ ಪುಟ್ಟಿ. ಕೆಂಪು ಕಂಡಾಗಲೇ ಅವರ ಕೈ ನಿಧಾನವಾಯಿತಂತೆ. ಪುಟ್ಟಿ ಹೋದ ಮೇಲೆ ಗಾಜಿನ ಮ್ಯಾಟು ಕಾಣಬೇಕಾದಲ್ಲಿ ಜೇನಿನ ಬಣ್ಣಕ್ಕೆ ತಿರುಗಿದ ರಾಳದೊಳಗೆ, ಕನ್ನಡಿಯೊಳಗಿಟ್ಟ ಚಿತ್ರದಂತೆ, ಒಂದು ಹತ್ತಿಬಟ್ಟೆ ಕಂಡಿತು. ಅದಕ್ಕೆ ನೀಲಿಯ ಅಂಚು. ಒಂದು ಮೂಲೆಯಲ್ಲಿ ಕೆಂಪು ರೇಷ್ಮೆಯೆಳೆಯಿಂದ ಹಾಕಿದ ರಫು.

ಅದು ಮೇಸ್ತ್ರಿಯವರ ಬುತ್ತಿಬಟ್ಟೆ. ಮಗ್ಗದ ಉಳಿಕೆ ಎಳೆಯಿಂದ ರಫು ಹಾಕಿದವರು ಅವರ ತಾಯಿ. 1989ರ ಆ ರಾತ್ರಿ ಕಾರ್ಖಾನೆಯಲ್ಲಿ ಗಾಜಿನ ಮ್ಯಾಟು ಮುಗಿದುಹೋಗಿತ್ತು. ಯಾವುದಾದರೂ ಬಟ್ಟೆ ಹಾಕಿ ಮುಗಿಸೆಂದು ಅಲ್ಲಿನ ಯಜಮಾನರು ಹೇಳಿದ್ದರು. ಹದಿನೈದು ವರ್ಷದ ಹುಡುಗ ತನ್ನಲ್ಲಿದ್ದ ಬಟ್ಟೆಯನ್ನೇ ರಾಳದಲ್ಲಿ ಅದ್ದಿ ಅಂಟಿಸಿದ್ದನು.

ಆ ಹೊತ್ತಿನಲ್ಲಿ ಕಿರಿಯ ಸಾಹುಕಾರರು ಶೆಡ್ಡಿನಲ್ಲೇ ಇದ್ದರು. ಗ್ರೈಂಡರ್ ನಿಂತದ್ದನ್ನು ಕಂಡು, "ಏನ್ ಮೇಸ್ತ್ರಿ, ಒಳಗೆ ಏನಾರ ಸಿಕ್ತಾ?" ಎಂದರು. ಒಂದು ಹಿಡಿ ಪುಟ್ಟಿ ಮೆತ್ತಿದ್ದರೆ ಆ ಪ್ರಶ್ನೆಗೆ ಉತ್ತರವೇ ಬೇಕಿರಲಿಲ್ಲ. ಚಾಸಿಯನ್ನು ಎಳೆದು ತಿದ್ದಿ, ಹೊಸ ಮ್ಯಾಟು ಹಾಕಿಕೊಟ್ಟರೆ ಕೆಲಸವೂ ಶುದ್ಧವಾಗಿಯೇ ಇರುತ್ತಿತ್ತು. ಮೇಸ್ತ್ರಿ ಕೈಯಾಳು ಹುಡುಗನನ್ನು ಚಹಾ ತರಲು ಕಳುಹಿಸಿದರು. ಆಮೇಲೆ, "ಸಾವ್ಕಾರ್ರೇ, ದೊಡ್ಡೋರನ್ನ ಒಂದ್ಸಲ ಕರೆಸ್ರಿ. ಇಬ್ಬರ ಮುಂದೇ ಹೇಳ್ಬೇಕು" ಎಂದರು.

ಹಿರಿಯರು ಮರುದಿನ ಬಂದರು. ಅರವತ್ತು ದಾಟಿದವರು, ಕಾರಿನ ಕಡೆ ನೋಡದೆ ನೆಲದ ಸುಣ್ಣದ ಚುಕ್ಕೆಗಳನ್ನೇ ನೋಡುತ್ತ ನಿಂತರು. ಮೇಸ್ತ್ರಿ ದಾರ ಹಿಡಿದು ಎರಡು ಕರ್ಣಗಳನ್ನೂ ತೋರಿಸಿದರು, ಬಟ್ಟೆಯನ್ನು ತೋರಿಸಿದರು, ತಮ್ಮದೇ ಎಂದರು. ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ:

"ಚಾಸಿ ಸೊಟ್ಟ ಐತೆ ಅಂತ ಆವತ್ತೇ ಗೊತ್ತಿತ್ತೇನಪ್ಪ?"

"ಗೊತ್ತಿತ್ತು ಅಣ್ಣಾವ್ರೆ. ಎಳೆಯೋಕೆ ಇನ್ನೂ ಎರಡು ದಿನ ಬೇಕು, ಗಾಡಿ ನಾಳೆ ಕೊಡಬೇಕು ಅಂತ ಯಜಮಾನ್ರು ಅಂದದ್ದು ನನ್ನ ಕಿವಿಗೇ ಬಿತ್ತು. ಹೇಳೋ ಧೈರ್ಯ ಇರಲಿಲ್ಲ. ಆಮೇಲೆ ಮರೆತೆ."

ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ತಮ್ಮನ ಕಡೆ ತಿರುಗಿ, "ಹನ್ನೊಂದು ಮಿಲಿಮೀಟರ್ ನೋಡೋ" ಎಂದರು. ಕಿರಿಯರು ಟವಲಿನಿಂದ ಮುಖ ಒರೆಸಿಕೊಂಡರು. ತಂದೆ ಬದುಕಿದ್ದಾಗ ಈ ದಾರ ಯಾರಾದರೂ ಹಿಡಿದಿದ್ದರೆ ಆ ಮನೆಯಲ್ಲಿ ಏನೇನು ಬೇರೆಯಾಗುತ್ತಿತ್ತೆಂಬುದನ್ನು ಹೊರಗಿನವರು ಊಹಿಸುವುದು ಉಚಿತವಲ್ಲ.

ಮುಂದಿನ ಕೆಲಸ ಎರಡು ತಿಂಗಳು ಹಿಡಿಯಿತು. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಕುಡಿಸಿ ಬಿಡಿಸಿ, ಓಣಿಯ ನೇಕಾರ ಹುಡುಗರು ಸುತ್ತಲೂ ನಿಂತು ಒಡಲನ್ನು ಪಲ್ಲಕ್ಕಿಯಂತೆ ಎತ್ತಿ ಬದಿಗಿಟ್ಟರು. ಚಾಸಿಯನ್ನು ನೆಲಕ್ಕೆ ಬಿಗಿದು, ಬಲಗಾಲಿಗೆ ಸರಪಳಿ ತೊಡಿಸಿ ಜಾಕಿಯಿಂದ ಎಳೆಯುವ ಕೆಲಸ ಅವಸರವನ್ನು ಸಹಿಸದು. ಉಕ್ಕಿಗೂ ಹಿಂಜಗ್ಗುವ ಗುಣವಿದೆ. ಬೇಕಾದ ಅಳತೆಗೆ ಎಳೆದು ಬಿಟ್ಟರೆ ಸ್ವಲ್ಪ ಹಿಂದೆ ಸರಿಯುತ್ತದೆ, ಆದ್ದರಿಂದ ತುಸು ಮುಂದಕ್ಕೇ ಎಳೆದು ಬಿಡಬೇಕು. ಎಷ್ಟು ಮುಂದಕ್ಕೆಂಬುದನ್ನು ಯಾವ ಪುಸ್ತಕವೂ ಹೇಳಲಾರದು. ದಿನಕ್ಕೆರಡು ಬಾರಿ ಎಳೆದು, ದಾರ ಹಿಡಿದು, ಐದನೆಯ ದಿನ ಕರ್ಣಗಳು ಸಮವಾದವು.

ಬುತ್ತಿಬಟ್ಟೆಯ ತೇಪೆಯನ್ನು ಕೊಯ್ದು ತೆಗೆದು, ಸೀಳಿನ ಅಂಚುಗಳನ್ನು ಒಂದಂಗುಲಕ್ಕೂ ಮಿಕ್ಕಿ ಇಳಿಜಾರಾಗಿ ತೇದು, ಒಂದರ ಮೇಲೊಂದು ಗಾಜಿನ ಮ್ಯಾಟಿನ ಪದರಗಳನ್ನು ರಾಳದಲ್ಲಿ ಕೂರಿಸಿದರು. ಇಲ್ಲೊಂದು ಎಚ್ಚರಿಕೆಯ ಮಾತು, ಶಾಲೆಯ ಕಾರ್ಯಾಗಾರದಲ್ಲಿ ಈ ಕೆಲಸ ಕಲಿಸುವವರ ಸಲುವಾಗಿ: ರಾಳಕ್ಕೆ ಮೊದಲು ಕೋಬಾಲ್ಟಿನ ವೇಗವರ್ಧಕವನ್ನು ಬೆರೆಸಿ ಚೆನ್ನಾಗಿ ಕಲಕಿದ ಮೇಲೆಯೇ, ಗಟ್ಟಿಗೊಳಿಸುವ ಪೆರಾಕ್ಸೈಡ್ ದ್ರವವನ್ನು ನೂರಕ್ಕೆ ಒಂದೆರಡು ಪಾಲು ಹಾಕಬೇಕು. ಇವೆರಡನ್ನು ನೇರವಾಗಿ ಬೆರೆಸಿದರೆ ಸಿಡಿಯುತ್ತದೆ. ಗಾಜಿನ ಧೂಳು ಶ್ವಾಸಕೋಶಕ್ಕೆ ಹಿತವಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದಷ್ಟೇ ಸಾಲದು, ತಕ್ಕ ಮುಖವಾಡ ಬೇಕು.

ಒಡಲನ್ನು ಮರಳಿ ಕೂರಿಸುವಾಗ ಮೇಸ್ತ್ರಿ ಪಾಲಿಸಿದ ಕ್ರಮ ನೋಡತಕ್ಕುದು. ಎಲ್ಲ ಬೋಲ್ಟುಗಳನ್ನೂ ಅರ್ಧವೇ ಬಿಗಿದು, ಹೊಸ ರಬ್ಬರ್ ಪ್ಯಾಕಿಂಗುಗಳ ಅಡಿ ತೆಳುವಾದ ತಗಡಿನ ಬಿಲ್ಲೆಗಳನ್ನು ಸೇರಿಸುತ್ತ ತೆಗೆಯುತ್ತ ಮೊದಲು ಚೌಕಟ್ಟನ್ನು ಚೌಕಟ್ಟಾಗಿಸಿದರು. ಬಾಗಿಲನ್ನು ಮೊದಲು ಅಲುಗಾಡದ ಹಿಂದಂಚಿಗೆ ಹೊಂದಿಸಿ ಆಮೇಲೆ ಮುಂದಂಚನ್ನು ನೋಡಿದರು. ಬಾಗಿಲು ಮುಗಿದ ಮೇಲೆ ಬಾನೆಟ್ಟು. ಬಾಗಿಲಿನ ಬೀಗದ ಕೊಂಡಿಯನ್ನು ಕಟ್ಟಕಡೆಗೆ ಬಿಗಿದರು. ಅನೇಕರು ಮೊದಲು ಕೊಂಡಿಯನ್ನೇ ಸರಿಸಿ ಬಾಗಿಲನ್ನು ಬಲವಂತವಾಗಿ ಕೂಡಿಸುತ್ತಾರೆ. ಅದು ಬಾಗಿಲು ಕೂಡಿದ್ದಲ್ಲ, ಸೆರೆಸಿಕ್ಕಿದ್ದು. ಈಗ ಚೌಕಟ್ಟು ನೆಟ್ಟಗಾದುದರಿಂದ, ಬೆಂಗಳೂರಿನಲ್ಲಿ ತೇದು ಲೋಪ ಮಾಡಿದ್ದ ಬಾಗಿಲಂಚು ಕೊರತೆಯಾಗಿ ಕಂಡಿತು. ಅದನ್ನು ಮತ್ತೆ ಗಾಜಿನ ನಾರಿನಿಂದ ಬೆಳೆಸಿ, ಉಪ್ಪುಕಾಗದದಲ್ಲಿ ಉಜ್ಜಿ, ಬಿದಿರು ಕಡ್ಡಿಗಳನ್ನಾಡಿಸಿ ನೋಡಿ ಮತ್ತೆ ಉಜ್ಜಿ, ಐದು ಕಡ್ಡಿಯ ಸಂದನ್ನು ಸುತ್ತಲೂ ತಂದರು. ಈ ಒಂದು ಅಂಚಿಗೆ ಹಿಡಿದ ದಿನಗಳು ಒಂಬತ್ತು.

2024ರ ಶಿವರಾತ್ರಿಗೆ ಮೊದಲು ಕಾರು ಸಿದ್ಧವಾಯಿತು. ಬಿಲ್ಲಿನಲ್ಲಿ ರಾಳ, ಮ್ಯಾಟು, ರಬ್ಬರುಗಳ ಬೆಲೆಯಿತ್ತು. ಚಾಸಿ ಎಳೆದ ಕೂಲಿಯ ಎದುರು ಸೊನ್ನೆ. ಕಿರಿಯರು ಜಗಳವಾಡಿದರೂ ಮೇಸ್ತ್ರಿ ಆ ಸೊನ್ನೆಯನ್ನು ತಿದ್ದಲಿಲ್ಲ. ಹಿರಿಯರು ಸ್ಟಿಯರಿಂಗಿನ ಮುಂದೆ ಕುಳಿತರು. ಮೂವತ್ತೈದು ವರ್ಷಗಳ ಬಳಿಕ. ಮೇಸ್ತ್ರಿ ಪಕ್ಕದಲ್ಲಿ ಕುಳಿತರು. ಬಳ್ಳಾರಿ ರಸ್ತೆ ಸೇರಿ, ನೆಟ್ಟಗಿರುವ ಒಂದು ಹರದಾರಿಯಲ್ಲಿ ಹಿರಿಯರು ಎರಡು ಕೈಗಳನ್ನೂ ಸ್ಟಿಯರಿಂಗಿನಿಂದ ಒಂದು ಕ್ಷಣ ಎತ್ತಿ ಹಿಡಿದರೆಂದೂ, ಕಾರು ತನ್ನ ಗೆರೆ ಬಿಡಲಿಲ್ಲವೆಂದೂ, ಅವರು ಏನೂ ಮಾತನಾಡಲಿಲ್ಲವೆಂದೂ ಮೇಸ್ತ್ರಿ ಹೇಳುತ್ತಾರೆ.

ಹಿಂದಿರುಗಿದ ಮೇಲೆ ಅವರು ಬಲಬಾಗಿಲನ್ನು ಎರಡು ಸಲ ತೆರೆದು ಮುಚ್ಚಿದರು. ಬಳಿಕ ಕಾರಿನ ಸುತ್ತ ಬಂದು ಬಾನೆಟ್ಟಿನ ಎಡಮೂಲೆಯ ಬಳಿ ನಿಂತರು. ಅಲ್ಲಿ ಬಾನೆಟ್ಟು ಒಡಲಿಗಿಂತ ಒಂದು ಕಡ್ಡಿಯಷ್ಟು ಎತ್ತರವಿತ್ತು. ಮೇಸ್ತ್ರಿ ಮುಂದೆ ಬಂದು, "ಅದು ಅಚ್ಚಿನಲ್ಲೇ ಬಂದದ್ದು ಅಣ್ಣಾವ್ರೆ. ಕೈಯಲ್ಲಿ ಎರಕ ಹೊಯ್ದ ಒಡಲು. ತೇದ್ರೆ ತೇಯಬಹುದು, ನಾನೇ ಬಿಟ್ಟೆ" ಎಂದರು.

"ಬಿಡು. ಅಪ್ಪಾಜಿ ಗಾಡಿ ತಂದ ದಿನಾನೂ ಹಂಗೇ ಇತ್ತು" ಎಂದು ಹಿರಿಯರು ಬೀಗದ ಕೈಯನ್ನು ಜೇಬಿಗಿಳಿಸಿದರು.